ಜೀನ್ಸ್ ಬಟ್ಟೆಯ ಡೇರೆ

ಗಾಂಧಿನಗರದ ಅಂಗಡಿಯಲ್ಲಿ ಮಗನಿಗೆಂದು ಹೊಸ ಜೀನ್ಸ್ ಪ್ಯಾಂಟಿನ ಮಡಿಕೆ ಬಿಡಿಸಿದರೆ, ಆ ಗಂಜಿ ಮತ್ತು ಬಣ್ಣದ ವಾಸನೆಗೆ ಇವತ್ತಿಗೂ ನನಗೆ ಹೊಳೆಯ ಮರಳು ನೆನಪಾಗುತ್ತದೆ.

ಚಿಕ್ಕವಳಿದ್ದಾಗ, ಟಿವಿಯಲ್ಲಿ ಯಾರೋ ಸಮುದ್ರದ ನಡುವಿನ ದ್ವೀಪದಲ್ಲಿ ಡೇರೆ ಹಾಕಿದ್ದನ್ನು ಕಂಡು ನಾನು ವಾರಗಟ್ಟಲೆ ಹಟ ಹಿಡಿದಿದ್ದೆ. ಬಳ್ಳಾರಿಯ ಜೀನ್ಸ್ ಕಾರ್ಖಾನೆಯಲ್ಲಿ ಅವ್ವನಿಗೆ ದಿನವಿಡೀ ಒಂದೇ ಕೆಲಸ, ಪ್ಯಾಂಟಿನ ಹಿಂದಿನ ಕಿಸೆ ಹೊಲಿಯುವುದು. ಅಲ್ಲಿ ಉಳಿದ ತುಂಡುಗಳನ್ನು ಕೇಳಿ ತಂದು, ಕೆಲಸದಿಂದ ಬಂದಮೇಲೆ ಕೂತು ಡೇರೆ ಹೊಲಿದಳು. ಒಂದು ಭಾನುವಾರ ಅಪ್ಪ ನಮ್ಮಿಬ್ಬರನ್ನೂ ಸಿರುಗುಪ್ಪಕ್ಕೆ ಕರೆದೊಯ್ದ. ಹರಿಗೋಲಿನಲ್ಲಿ ತುಂಗಭದ್ರೆಯ ನಡುಗಡ್ಡೆಗೆ ಹೋಗಿ ಇಳಿದೆವು.

ಬಟ್ಟೆ ಭಾರ, ಮರಳು ಸಡಿಲ. ಎಷ್ಟು ಆಳಕ್ಕೆ ಹುಗಿದರೂ ಬಿದಿರಿನ ಗಳ ನಿಲ್ಲಲಿಲ್ಲ. ಕೊನೆಗೆ ಅವ್ವ ಅದಕ್ಕೆ ಬೆನ್ನು ಕೊಟ್ಟು ಡೇರೆಯೊಳಗೆ ಕುಳಿತಳು.

"ನೀ ಹಿಂಗ ಕುಂತ್ರ ಹೊಳಿ ಯಾವಾಗ ನೋಡ್ತಿ?" ಎಂದ ಅಪ್ಪ.

"ನೀವು ಮಗಳನ್ನ ಕರಕೊಂಡು ಹೋಗ್ರಿ. ನಾ ಇಲ್ಲೇ ಆರಾಮ ಅದೀನಿ," ಎಂದು ಕಣ್ಣು ಮುಚ್ಚಿದಳು.

ನೀರಲ್ಲಿ ಆಡಿ, ನುಣುಪು ಕಲ್ಲುಗಳನ್ನು ಆರಿಸಿಕೊಂಡು ಬಂದೆ. ಡೇರೆಯ ಒಳಬದಿಗೆ ಎರಡು ಕಿಸೆಗಳಿದ್ದವು, ಎರಡೆರಡು ಸಾಲು ಹೊಲಿಗೆಯವು. ದೊಡ್ಡದರಲ್ಲಿ ಅಪ್ಪನ ಫೋನು ಇತ್ತು. ಸಣ್ಣದು ನನ್ನದು. ಅದಕ್ಕೆ ಕಲ್ಲು ತುಂಬುತ್ತ ಕೇಳಿದೆ, "ಅವ್ವಾ, ನಿನ್ನ ಕಿಸಿ ಎಲ್ಲೈತಿ?"

ಅವಳು ಕಣ್ಣು ತೆರೆಯಲಿಲ್ಲ. "ನನಗ್ಯಾಕವ್ವ? ಇವತ್ತೊಂದಿನ ಕಿಸಿ ಸುದ್ದಿ ಬ್ಯಾಡ."

ಹೊಳೆ ಅವಳ ಬೆನ್ನ ಹಿಂದೆಯೇ ಹರಿಯುತ್ತಿತ್ತು. ಸಂಜೆ ಹರಿಗೋಲು ಬರುವವರೆಗೂ ಅವಳು ಆ ಕಡೆ ತಿರುಗಲಿಲ್ಲ.