ಮುಸುವನ ಮಣ್ಣು

ಕರೆಂಟ್ ತಂತಿ ತಗುಲಿ ಸತ್ತ ಮುಸುವ ಕೋತಿಗೆ ಪುಟ್ಟಗೌರಮ್ಮ ಹೊಸ ಟವಲ್ ಹೊದಿಸುತ್ತಿದ್ದಾಗ ಸಂಶೋಧಕ ಸುಧೀಶ್ ಚೀಲ ಹಿಡಿದು ಅಡ್ಡ ಬಂದ. ಕೊಳವಳ್ಳಿಯಲ್ಲಿ ಸತ್ತ ಮುಸುವನನ್ನು ಹನುಮಪ್ಪನೆಂದೇ ಮಣ್ಣು ಮಾಡುತ್ತಾರೆ. ಗುಂಡಿ ತೋಡಿಯಾಗಿತ್ತು.

“ಅಮ್ಮಾ, ಮೊದಲು ಇಂಡಿಯಾದ ಬೂದು ಮುಸುವಗಳೆಲ್ಲ ಒಂದೇ ಜಾತಿ, ಹನುಮಾನ್ ಲಂಗೂರ್ ಅಂತಿದ್ರು. ಈಗ ಬೇರೆ ಬೇರೆ ಮಾಡಿದ್ದಾರೆ. ಆ ಹೆಸರು ಉತ್ತರದ ಕಡೆಯವಕ್ಕೆ ಮಾತ್ರ. ಇದು ನಿಮ್ಮ ಹನುಮಪ್ಪ ಅಲ್ಲ. ಕೊಡಿ, ಪರೀಕ್ಷೆಗೆ ಬೇಕು.”

ಪುಟ್ಟಗೌರಮ್ಮ ಟವಲಿನ ಅಂಚನ್ನು ಆ ಕಪ್ಪು ಮುಖದ ಮೇಲೆ ಎಳೆದು, ತಲೆಯಡಿ ಎರಡೂ ಕೈ ಕೊಟ್ಟಳು.

“ಹೆಸರು ನೀವು ಇಟ್ಟಿದ್ದು ಸಾರೇ, ನೀವೇ ತಗೊಂಡ್ಹೋಗಿ. ಮಣ್ಣು ನಾವು ಹಾಕ್ತೀವಿ. ಆ ಚೀಲ ಕೆಳಗಿಟ್ಟು ಈ ಕಡೆ ಬನ್ನಿ, ಒಬ್ಬಳಿಂದ ಎತ್ತಕ್ಕಾಗಲ್ಲ.”

ಸುಧೀಶ್ ಚೀಲ ಕೆಳಗಿಟ್ಟ.