ಮುಷ್ಕರ ಹೂಡಿದ ಮೂಗು

ಕಂಡಕಂಡಲ್ಲಿ ಮೂಗು ತೂರಿಸುವವರಿಗೆ ಜನ ಬಯ್ಯುತ್ತಾರೆ; ಮೂಗಕ್ಕನಿಗೆ ಮಾತ್ರ ಅದಕ್ಕೇ ಸಂಬಳ. ನಂಬಿದರೆ ನಂಬಿ, ನಡೆದದ್ದೇ ಇದು.

ಬಿಸ್ಕತ್ತಿನ ಹೊದಿಕೆ ಅಚ್ಚಾಗುವ ಕಾರ್ಖಾನೆಯ ವಾಸನೆ ಕೋಣೆಯಲ್ಲಿ ಅವತ್ತು ಮೂರು ಕಪ್ಪು ಜಾಡಿಗಳು ಅವಳಿಗಾಗಿ ಕಾಯುತ್ತಿದ್ದವು. ಒಳಗೆ ಹೊಸ ಹೊದಿಕೆಯ ತುಂಡುಗಳನ್ನು ಹಾಕಿಡುವುದು ರೂಢಿ. ಮುಚ್ಚಳ ತೆಗೆದು, ಕಣ್ಣು ಮುಚ್ಚಿಕೊಂಡು ಮೂಸಬೇಕು. ಶಾಯಿಯ ವಾಸನೆ ಚೂರು ಸುಳಿದರೂ ಇಡೀ ಸರಕು ವಾಪಸ್ಸು. ಇಲ್ಲದಿದ್ದರೆ ಶಾಯಿಯ ರಾಸಾಯನಿಕ ಬಿಸ್ಕತ್ತಿಗೆ ಇಳಿದು, ಬಿಸ್ಕತ್ತಿನ ಜೊತೆ ಮಕ್ಕಳ ಹೊಟ್ಟೆಗೂ ಇಳಿಯುತ್ತದೆ.

ಜ್ವರ ಬಂದು ಹೋದಾಗಿನಿಂದ ಮೂಗಕ್ಕನ ಮೂಗು ಮುಷ್ಕರ ಹೂಡಿತ್ತು. ನಿನ್ನೆ ಒಲೆಯ ಮೇಲೆ ಹಾಲು ಸೀದು ಕರಿಯಾದರೂ ಪಕ್ಕದ ಕೋಣೆಯಲ್ಲಿದ್ದ ಇವಳಿಗೆ ಗೊತ್ತೇ ಆಗಿರಲಿಲ್ಲ. ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಇವತ್ತೂ ವಾಸನೆ ಬರದಿದ್ದರೆ, ಈ ಕುರ್ಚಿ ಬೇರೆಯವರಿಗೆ ಕೊಡಿ ಎಂದು ಮ್ಯಾನೇಜರಿಗೆ ಹೇಳಿಬಿಡುವುದು ಎಂದು ಗಟ್ಟಿ ಮನಸ್ಸು ಮಾಡಿಕೊಂಡೇ ಬಂದಿದ್ದಳು.

ಮೊದಲನೆಯ ಜಾಡಿ. ಏನೂ ಇಲ್ಲ. ಎರಡನೆಯದು. ಊಹೂಂ. ಮೂರನೆಯದಕ್ಕೆ ಮೂಗೇನು, ಮುಖವನ್ನೇ ಒತ್ತಿದಳು. ಸೊನ್ನೆ. ಕಣ್ಣು ತುಂಬಿ ಬಂತು.

"ಏನಮ್ಮಾ, ಪಾಸೋ ಫೇಲೋ? ಹೊರಗೆ ಲಾರಿ ಕಾಯ್ತಾ ಇದೆ!" ಬಾಗಿಲಾಚೆಯಿಂದ ಮ್ಯಾನೇಜರರ ಗೊಗ್ಗರು ದನಿ.

ಮೂಗಕ್ಕ ಕಣ್ಣೊರೆಸಿಕೊಂಡು ಎದ್ದಳು. "ಸಾರ್, ನನ್ನ ಕೈಲಿ ಇನ್ನು..."

ಬಾಗಿಲು ತೆರೆದು ಹಲ್ಲು ಕಿರಿದವನು ಪಕ್ಕದ ಮೇಜಿನ ಗಿಳಿರಾಯ. ಕಾರ್ಖಾನೆಯಲ್ಲಿ ಅವನು ಕದಿಯದ ದನಿಯೇ ಇಲ್ಲ. "ಹೆದರಿಬಿಟ್ರಾ ಅಕ್ಕಾ?" ಎನ್ನುತ್ತ ಹತ್ತಿರ ಬಂದ.

ಮೂಗಕ್ಕನ ಹೊಳ್ಳೆಗಳು ಅರಳಿದವು. "ಅಲ್ಲಾಡಬೇಡ!" ಎಂದವಳೇ ಅವನ ತೋಳು, ಕಾಲರು ಮೂಸತೊಡಗಿದಳು.

"ದೇವರಾಣೆಗೂ ಸ್ನಾನ ಮಾಡಿದ್ದೀನಿ ಅಕ್ಕಾ!"

"ಗೊತ್ತಾಗ್ತಿದೆ. ಘಮಘಮ ಸೋಪು ಹಚ್ಕೊಂಡು ಈ ಕೋಣೆಗೆ ಬರಬೇಡ ಅಂತ ಎಷ್ಟು ಸಲ ಬಡ್ಕೊಳ್ಳಲಿ? ಆದ್ರೆ ಅದಲ್ಲ... ಇದು ಅದಲ್ಲ..." ಅವನ ಜೇಬಿಗೆ ಕೈ ಹಾಕಿ ಎಳೆದಳು. ಹೊದಿಕೆಯ ಮೂರು ತುಂಡುಗಳು!

ಗಿಳಿರಾಯನ ಸ್ವಂತ ದನಿ ಹೊರಬಿತ್ತು, ತೀರ ಸಣ್ಣಗೆ. "ತಮಾಷೆಗೆ ಅಕ್ಕಾ... ಖಾಲಿ ಜಾಡೀಲೂ ಏನಾದ್ರೂ ಕಂಡುಹಿಡೀತೀರೇನೋ ನೋಡೋಣ ಅಂತ ಬೆಳಿಗ್ಗೆನೇ ತೆಗೆದಿಟ್ಟೆ. ಬೈಬೇಡಿ."

ಮೂಗಕ್ಕ ತುಂಡುಗಳನ್ನು ಇನ್ನೊಮ್ಮೆ ಮೂಸಿದಳು. "ಶಾಯಿ ಸರಿಯಾಗಿ ಒಣಗಿಲ್ಲ. ಫೇಲ್! ಲಾರಿ ಖಾಲಿ ಹೋಗ್ಲಿ!" ಎಂದು ನಗಲು ಶುರುಮಾಡಿದಳು. ಬದುಕಿದೆನೆಂದು ಗಿಳಿರಾಯನೂ ನಕ್ಕ. ಗದ್ದಲ ಕೇಳಿ ಇಣುಕಿದವರೂ ಸುಮ್ಮಸುಮ್ಮನೆ ನಕ್ಕರು. ಅವರ ನಗುವೆಲ್ಲ ಮುಗಿದ ಮೇಲೂ ಅವಳೊಬ್ಬಳ ನಗು ಹಜಾರದ ತುದಿಯವರೆಗೆ ಕೇಳುತ್ತಲೇ ಇತ್ತು: "ಎಂಥಾ ಕೆಟ್ಟ ನಾತ ಕಣೋ! ಅಯ್ಯಯ್ಯೋ, ಎಂಥಾ ಕೆಟ್ಟ ನಾತ!"