ಒಂದಕ್ಷರದ ತಪ್ಪು

ಬರವಣಿಗೆ ತರಗತಿಯ ನಿಯಮಗಳನ್ನು ಮೇಷ್ಟ್ರು ತಮ್ಮ ಕೈಯಾರೆ ಬರೆದು, ಸಹಿ ಹಾಕಿ, ಬಾಗಿಲ ಪಕ್ಕ ಅಂಟಿಸಿದ್ದರು. ಮೊದಲನೆಯದು: ನಕಲು ಮಾಡಿದವರಿಗೆ ಸೊನ್ನೆ. ಎರಡನೆಯದು: ಬರೆದವರ ಒಪ್ಪಿಗೆಯಿಲ್ಲದೆ ಯಾರ ಬರಹವನ್ನೂ ಇಲ್ಲಿ ಗಟ್ಟಿಯಾಗಿ ಓದುವಂತಿಲ್ಲ.

ಅಂದು ‘ನನ್ನ ಬಾಲ್ಯ’ ಪ್ರಬಂಧಗಳನ್ನು ತಿದ್ದಿ ತಂದಿದ್ದರು. ಹೊಸದಾಗಿ ಸೇರಿದ್ದ ಚಂದನಾಳ ಹಾಳೆಯನ್ನು ಎತ್ತಿ ಹಿಡಿದು, ಕಳ್ಳಮಾಲು ಸಿಕ್ಕ ಹುರುಪಿನಲ್ಲಿ ಮೊದಲ ಸಾಲನ್ನೇ ಗಟ್ಟಿಯಾಗಿ ಓದಿದರು.

“‘ನಾನು ಚಿಕ್ಕವನಿದ್ದಾಗ ಅಪ್ಪ ನನ್ನನ್ನು ಎಲ್ಲಿಗೂ ಕರೆದುಕೊಂಡು ಹೋಗುತ್ತಿರಲಿಲ್ಲ.’ ಚಿಕ್ಕವನಿದ್ದಾಗ! ಯಾವ ಹುಡುಗಂದಮ್ಮಾ ಕಾಪಿ ಹೊಡ್ದಿದ್ದು?”

ತರಗತಿ ಗೊಳ್ಳೆಂದು ನಕ್ಕಿತು. ಚಂದನಾ ತಲೆ ತಗ್ಗಿಸಿ ಎದ್ದು ನಿಂತಳು.

“ಕಾಪಿ ಅಲ್ಲ ಸರ್. ನಂದೇ.”

“ಕದ್ದಮೇಲೆ ‘ಚಿಕ್ಕವಳಿದ್ದಾಗ’ ಅಂತ ತಿದ್ಕೊಳ್ಳೋಕೂ ಸೋಮಾರಿತನಾನಾ? ನಾಚಿಕೆ ಆಗ್ಬೇಕು ನಿಂಗೆ. ತಗೋ, ತಿದ್ದು.”

ಮೇಷ್ಟ್ರು ಚಾಚಿದ ಕೆಂಪು ಪೆನ್ನನ್ನು ಅವಳು ಮುಟ್ಟಲಿಲ್ಲ. ಬಾಗಿಲ ಪಕ್ಕದ ನಿಯಮಗಳತ್ತ ನೋಡಿದಳು. ಅವಳ ನೋಟದ ಹಿಂದೆಯೇ ಹೋದ ಮೇಷ್ಟ್ರ ಕಣ್ಣು ಎರಡನೆಯ ನಿಯಮದ ಮೇಲೆ ನಿಂತಿತು. ಕೆಳಗೆ ತಮ್ಮದೇ ಸಹಿ. ಹಾಳೆ ಹಿಡಿದ ಅವರ ಕೈ ತಾನಾಗಿ ಕೆಳಗಿಳಿಯಿತು.

“ಆಯ್ತು, ಕೂತ್ಕೊಮ್ಮ,” ಎಂದರು ಮೆತ್ತಗೆ. “ಆಮೇಲೆ ಸ್ಟಾಫ್ ರೂಮಿಗೆ ಬಾ, ಮಾತಾಡೋಣ.”

“ಎಲ್ಲರೆದುರು ಕೇಳಿದ್ರಲ್ಲ ಸರ್, ಇಲ್ಲೇ ಹೇಳ್ತೀನಿ,” ಎಂದಳು ಚಂದನಾ. “ಅದು ತಪ್ಪಲ್ಲ. ಆಗ ನಾನು ಹುಡುಗನಾಗಿದ್ದೆ.”